ಸೂವನ್‌ನಲ್ಲಿ ಸಿಕ್ಕ ಒಂದೆಲಗ

ಗಂಡನ ಕೆಲಸದ ನಿಮಿತ್ತ ದಕ್ಷಿಣ ಕೊರಿಯಾದ ಸೂವನ್ ನಗರಕ್ಕೆ ಹೋಗಿ ನೆಲೆಸಿದ ಮೊದಲ ಚಳಿಗಾಲದಲ್ಲಿ ನನ್ನ ಕೆನ್ನೆಗಳು ಬಿರಿದು, ಬಾಯಿಯ ಅಂಚಿನಲ್ಲಿ ಸಿಪ್ಪೆ ಏಳತೊಡಗಿತು. ಶಿರಸಿಯ ಮಳೆಯಲ್ಲಿ ಬೆಳೆದ ಮೈಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುವ ಹೊರಗಿನ ಗಾಳಿಯೂ ಹೊಸದು, ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಮನೆಯನ್ನು ಬೆಚ್ಚಗಿಡುವ ‘ಒಂದೊಲ್’ ಪದ್ಧತಿಯ ಒಣ ಶಾಖವೂ ಹೊಸದು. ಪಕ್ಕದ ಮನೆಯ ಹೆಂಗಸನ್ನು ಅಲ್ಲಿನ ರೂಢಿಯಂತೆ ನಾನು ‘ಒನ್ನಿ’ ಎಂದು, ಅಂದರೆ ಅಕ್ಕ ಎಂದು, ಕರೆಯುತ್ತಿದ್ದೆ. ಅವರು ನನ್ನ ಮುಖ ನೋಡಿ ಮರುದಿನವೇ ಒಂದು ಹಸಿರು ಟ್ಯೂಬು ತಂದು ಕೈಗಿಟ್ಟರು. ಅದರ ಮೇಲಿದ್ದ ಎಲೆಯ ಚಿತ್ರವನ್ನು ಕಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ದುಂಡಗಿನ ಎಲೆ, ಅಂಚಿನಲ್ಲಿ ಸಣ್ಣ ಹಲ್ಲುಗಳು, ತೊಟ್ಟು ಕೂಡುವಲ್ಲಿ ಸೀಳು. ನಮ್ಮ ಮನೆಯ ಬಾವಿಕಟ್ಟೆಯ ಪಕ್ಕ ನೀರು ಹರಿದುಹೋಗುವ ಕಡೆ ಯಾರೂ ನೆಡದೆ ಹಬ್ಬಿಕೊಳ್ಳುವ ಒಂದೆಲಗ ಅದು. ಫೋಟೋ ತೆಗೆದು ಆಯಿಗೆ ಕಳಿಸಿದಾಗ ಅವಳು ಕೇಳಿದ್ದು ಒಂದೇ ಮಾತು: “ಇದು ನಮ್ಮನೆ ಒಂದೆಲಗವೇ ಅಲ್ದನೇ ಕೂಸೇ?”

ಅದೇ ಹೌದು. ಸಸ್ಯಶಾಸ್ತ್ರದವರು ಸೆಂಟೆಲ್ಲಾ ಏಷಿಯಾಟಿಕಾ ಎಂದು ಕರೆಯುವ, ಕರಾವಳಿಯವರು ತಿಮರೆ ಎನ್ನುವ, ಆಯುರ್ವೇದದಲ್ಲಿ ಮಂಡೂಕಪರ್ಣಿ ಎಂದು ಹೆಸರಾದ ಈ ಸೊಪ್ಪಿಗೆ ಕೊರಿಯನ್ ಭಾಷೆಯಲ್ಲಿ ‘ಬ್ಯೊಂಗ್‌ಪುಲ್’ ಎನ್ನುತ್ತಾರೆ. ಗಾಯಗೊಂಡ ಹುಲಿ ಈ ಸೊಪ್ಪಿನಲ್ಲಿ ಹೊರಳಾಡಿ ಗುಣವಾಗುತ್ತದೆ ಎಂಬ ಪ್ರತೀತಿಯಿಂದ ಅದಕ್ಕೆ ಹುಲಿಹುಲ್ಲು ಎಂಬ ಹೆಸರೂ ಇದೆ. ಮುಖಕ್ಕೆ ಹಚ್ಚುವ ವಸ್ತುಗಳ ಲೋಕದಲ್ಲಿ ಅದು ‘ಸಿಕಾ’. ನಾವು ಕಾಯಿತುರಿ, ಜೀರಿಗೆ, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿ ಉಣ್ಣುವ ಸೊಪ್ಪನ್ನು ಕೊರಿಯಾದವರು ಗಾಯದ ಮುಲಾಮಾಗಿ ದಶಕಗಳಿಂದ ಬಲ್ಲರು. ‘ಮಡೆಕಸಾಲ್’ ಎಂಬ ಮುಲಾಮು ಇಲ್ಲದ ಮನೆ ಅಲ್ಲಿ ಅಪರೂಪ, ಮಗು ಮೊಣಕಾಲು ತರಚಿಕೊಂಡರೆ ಮೊದಲು ನೆನಪಾಗುವುದು ಅದು.

ಈಗ ನಾವು ಹುಬ್ಬಳ್ಳಿಗೆ ಮರಳಿದ್ದೇವೆ. ನಾನು ಕೊರಿಯಾದಲ್ಲಿ ಇದ್ದು ಬಂದವಳೆಂಬ ಕಾರಣಕ್ಕೆ ನೆಂಟರು, ಗೆಳತಿಯರು, ಅವರ ಮಕ್ಕಳು ಮುಖಕ್ಕೆ ಹಚ್ಚುವ ಕೊರಿಯನ್ ಸೀಸೆಗಳ ಚಿತ್ರ ಕಳಿಸಿ ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಬಸವನಹುಳುವಿನ ಲೋಳೆಯದೋ, ಅಕ್ಕಿಯದೋ, ಸಿಕಾವೋ, ನಯಾಸಿನಮೈಡೋ ಎಂಬ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸಾಗುವುದಿಲ್ಲ. ಒಮ್ಮೆ ಹಾಗೆ ಸಿಕ್ಕ ಉತ್ತರವನ್ನು ನಂಬಿ ಎಂಟು ತಿಂಗಳು ಅನುಭವಿಸಿದ್ದೇನೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಕೇಳಿದವರಿಗೆ ನಾನು ಮೊದಲು ಹೇಳುವುದು ಇಷ್ಟು: ಸಾಧಾರಣ ಫೇಸ್‌ವಾಶ್‌ನಿಂದ ಮುಖ ತೊಳೆದು, ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ, ಆಮೇಲೆ ಬೆರಳಿನಿಂದ ಮುಟ್ಟಿ ನೋಡಿ. ಎಲ್ಲ ಕಡೆ ಬಿಗಿದಂತಿದ್ದರೆ ಒಣ ಚರ್ಮ, ಎಲ್ಲ ಕಡೆ ಜಿಡ್ಡು ಬಂದಿದ್ದರೆ ಎಣ್ಣೆ ಚರ್ಮ, ಹಣೆ ಮತ್ತು ಮೂಗಿನಲ್ಲಿ ಮಾತ್ರ ಜಿಡ್ಡಿದ್ದರೆ ಮಿಶ್ರ ಚರ್ಮ. ಇವಲ್ಲದೆ ಕೊರಿಯನ್ನರ ಬಾಯಲ್ಲಿ ದಿನನಿತ್ಯ ಓಡಾಡುವ ಇನ್ನೊಂದು ಬಗೆಯಿದೆ, ಅದನ್ನು ಅವರು ‘ಸುಬುಜಿ’ ಎನ್ನುತ್ತಾರೆ. ನೀರಿನ ಕೊರತೆಯಿರುವ ಎಣ್ಣೆ ಚರ್ಮ ಎಂಬ ಉದ್ದ ಮಾತನ್ನು ಮೊಟಕು ಮಾಡಿ ಹುಟ್ಟಿದ ಪದ ಅದು. ಮೇಲೆ ಜಿಡ್ಡು ಹೊಳೆಯುತ್ತಿರುತ್ತದೆ, ಒಳಗೆ ಚರ್ಮ ಬಿಗಿದು ಎಳೆಯುತ್ತಿರುತ್ತದೆ. ಈ ಪದ ತಿಳಿದ ದಿನ ನನಗೆ ನಮ್ಮೂರ ಎಷ್ಟೋ ಮುಖಗಳು ನೆನಪಾದವು. ಜಿಡ್ಡು ಎಂದು ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ತಿಕ್ಕುವವರು, ಕಡಲೆಹಿಟ್ಟಿನಿಂದ ಉಜ್ಜುವವರು, ಅದಾದ ಮೇಲೂ ಮೊಡವೆ ನಿಲ್ಲಲಿಲ್ಲ ಎಂದು ಕೊರಗುವವರು. ಚರ್ಮದ ಮೇಲ್ಪದರ ತುಸು ಆಮ್ಲ ಗುಣದ್ದು, ಅದರ ಪಿಎಚ್ 5ರ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10, ಅಂದರೆ ಅದು ಕ್ಷಾರ ಗುಣದ್ದು. ಪದೇ ಪದೇ ಸೋಪು ತಾಗಿದರೆ ಚರ್ಮ ತನ್ನ ನೀರನ್ನು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನೇ ನಾವು ಸ್ವಚ್ಛವಾಯಿತು ಎಂದು ತಿಳಿಯುತ್ತೇವೆ.

ನನ್ನ ತಪ್ಪಿನ ವಿಷಯ ಹೇಳುತ್ತೇನೆ. ಎರಡನೆಯ ಚಳಿಗಾಲದ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಅಂಗಡಿಯೊಂದರಲ್ಲಿ ಮಾರಾಟದ ಹುಡುಗಿ ನನ್ನ ಮೂಗಿನ ಪಕ್ಕದ ಕಪ್ಪು ಚುಕ್ಕೆಗಳನ್ನೂ ಗಲ್ಲದ ಹಳೆಯ ಕಲೆಯನ್ನೂ ನೋಡಿ ಸತ್ತ ಚರ್ಮವನ್ನು ತೆಗೆಯುವ ಆಮ್ಲದ ಟೋನರ್, ವಿಟಮಿನ್ ಸಿ ಸೀರಮ್, ರಾತ್ರಿಗೆ ರೆಟಿನಾಲ್ (ವಿಟಮಿನ್ ಎಯ ಒಂದು ರೂಪ) ಕ್ರೀಮ್ ಎಂದು ಮೂರನ್ನು ಒಟ್ಟಿಗೆ ಕಟ್ಟಿಕೊಟ್ಟಳು. ಮೂರನ್ನೂ ಒಂದೇ ವಾರದಲ್ಲಿ ಶುರು ಮಾಡಿದೆ. ಉರಿದಾಗ ಔಷಧಿ ಹಿಡಿಯುತ್ತಿದೆ ಎಂದುಕೊಂಡೆ. ಹತ್ತನೆಯ ದಿನ ಕೆನ್ನೆಯ ಮೇಲೆ ನೀರು ಬಿದ್ದರೂ ಚುರುಗುಟ್ಟುವಂತಾಯಿತು. ಎಲ್ಲವನ್ನೂ ನಿಲ್ಲಿಸಿದ ಮೇಲೆ ಉರಿ ಎರಡು ವಾರದಲ್ಲಿ ಹೋಯಿತು, ಆದರೆ ಉರಿದ ಜಾಗಗಳಲ್ಲೆಲ್ಲ ಕಾಫಿ ಬಣ್ಣದ ಮಚ್ಚೆಗಳು ಮೂಡಿ, ಅವು ಅಳಿಯಲು ಮುಂದಿನ ಬೇಸಿಗೆ ಕಳೆಯಬೇಕಾಯಿತು. ಅಂಥದ್ದೇ ಉರಿಯನ್ನು ಒನ್ನಿಯೂ ಒಮ್ಮೆ ಅನುಭವಿಸಿದ್ದರು. ಅವರ ಕೆನ್ನೆ ಕೆಂಪಾಗಿ, ಕೆಲವೇ ವಾರಗಳಲ್ಲಿ ಗುರುತಿಲ್ಲದಂತೆ ತಿಳಿಯಾಗಿತ್ತು.

ಇದು ಅದೃಷ್ಟದ ಮಾತಲ್ಲ. ಕಂದು ಬಣ್ಣದ ಚರ್ಮದಲ್ಲಿ ಮೆಲನಿನ್ ತಯಾರಿಸುವ ಕೋಶಗಳು ಚುರುಕು; ಮೊಡವೆ, ತರಚು, ಸುಟ್ಟಗಾಯ, ಕಡು ಆಮ್ಲ, ಹೀಗೆ ಯಾವ ಕಾರಣಕ್ಕೆ ಉರಿಯೂತವಾದರೂ ಅವು ಬಣ್ಣವನ್ನು ಹೆಚ್ಚಾಗಿ ಸುರಿದು ಅಲ್ಲಿ ಕಲೆ ಉಳಿಸುತ್ತವೆ. 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ಚರ್ಮವೈದ್ಯರು ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ರೂಪಿಸಿದ ವರ್ಗೀಕರಣವು ಮುಂದೆ ವಿಸ್ತಾರಗೊಂಡು ಆರು ಬಗೆಗಳಾಯಿತು, ಅದರಲ್ಲಿ ನಮ್ಮ ಕಡೆಯ ಬಹಳ ಜನ ನಾಲ್ಕು ಅಥವಾ ಐದನೆಯ ಬಗೆಗೆ ಸೇರುತ್ತಾರೆ. ಹೀಗಾಗಿ ಕೊರಿಯನ್ ಸೀಸೆಯೊಂದನ್ನು ಕೈಗೆತ್ತಿಕೊಳ್ಳುವ ಕನ್ನಡಿಗರು ತಮ್ಮದು ಒಣ ಚರ್ಮವೋ ಎಣ್ಣೆ ಚರ್ಮವೋ ಎಂದು ಕೇಳಿಕೊಳ್ಳುವುದಕ್ಕೂ ಮೊದಲು, ಇದು ನನ್ನ ಚರ್ಮವನ್ನು ಕೆರಳಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಖಚಿತ ನಿಲುವು. ಬೇಗ ಫಲ ಕೊಡುವ ಕಡು ಪದಾರ್ಥಕ್ಕಿಂತ ನಿಧಾನದ ಸೌಮ್ಯ ಪದಾರ್ಥವೇ ನಮಗೆ ಕೊನೆಗೆ ಬೇಗ ಫಲ ಕೊಡುತ್ತದೆ, ಏಕೆಂದರೆ ಅದು ಹೊಸ ಕಲೆಯನ್ನು ಹುಟ್ಟಿಸುವುದಿಲ್ಲ.

ಈ ಲೆಕ್ಕದಲ್ಲಿ ಒಂದೆಲಗಕ್ಕೆ ಮೊದಲ ಮಣೆ. ಅದರಲ್ಲಿರುವ ಏಷಿಯಾಟಿಕೋಸೈಡ್, ಮಡೆಕಸೋಸೈಡ್, ಏಷಿಯಾಟಿಕ್ ಆಮ್ಲ ಮತ್ತು ಮಡೆಕಸಿಕ್ ಆಮ್ಲ ಎಂಬ ನಾಲ್ಕು ಘಟಕಗಳು ಉರಿಯೂತವನ್ನು ತಗ್ಗಿಸುತ್ತವೆ, ಗಾಯ ಕೂಡುವಾಗ ಕೊಲಾಜನ್ ಕಟ್ಟಲು ನೆರವಾಗುತ್ತವೆ. ಮೊಡವೆ ಒಡೆದ ಚರ್ಮಕ್ಕೂ, ಬಿಸಿಲಿಗೆ ಕೆಂಪಾದ ಚರ್ಮಕ್ಕೂ, ನನ್ನಂತೆ ಆಮ್ಲ ಹಚ್ಚಿ ಸುಟ್ಟುಕೊಂಡ ಚರ್ಮಕ್ಕೂ ಅದು ಹೊಂದುತ್ತದೆ. ಒಣ ಚರ್ಮಕ್ಕೆ ಕ್ರೀಮಿನ ರೂಪದಲ್ಲಿ, ಎಣ್ಣೆ ಚರ್ಮಕ್ಕೆ ನೀರಿನಂಥ ಆಂಪುಲ್ ರೂಪದಲ್ಲಿ ತೆಗೆದುಕೊಳ್ಳಬೇಕು ಎಂಬುದಷ್ಟೇ ವ್ಯತ್ಯಾಸ. ಆದರೆ ಕೊರಿಯಾದಿಂದ ಯಾರಾದರೂ ತಂದುಕೊಟ್ಟ ಗಾಯದ ಮುಲಾಮನ್ನು ಸಿಕಾ ಕ್ರೀಮ್ ಎಂದು ತಿಳಿದು ದಿನವೂ ಮುಖಕ್ಕೆ ಹಚ್ಚಬಾರದು. ಆ ಮುಲಾಮುಗಳ ಕೆಲವು ಬಗೆಗಳಲ್ಲಿ ಆ್ಯಂಟಿಬಯೋಟಿಕ್ ಇರುತ್ತದೆ, ಒಂದರಲ್ಲಿ ಸ್ಟೀರಾಯ್ಡ್ ಕೂಡ ಇರುತ್ತದೆ.

ಸೀಸೆಯ ಮುಂಭಾಗದ ದೊಡ್ಡ ಅಂಕಿಗಳ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಅನುವಾ ಬ್ರ್ಯಾಂಡಿನ ಟೋನರ್ ಮೇಲೆ ಶೇಕಡ 77, ಐಮ್ ಫ್ರಮ್ ಬ್ರ್ಯಾಂಡಿನ ಅಕ್ಕಿಯ ಟೋನರ್ ಮೇಲೆ 77.78, ಕೋಸರ್ಎಕ್ಸ್‌ನ ಬಸವನಹುಳುವಿನ ಎಸೆನ್ಸ್ ಮೇಲೆ 96 ಎಂದಿರುತ್ತದೆ. ಆ ಅಂಕಿಗಳು ಸುಳ್ಳಲ್ಲ, ಆದರೆ ಅವು ಸಾರದ ಪ್ರಮಾಣವನ್ನು ಹೇಳುತ್ತವೆಯೇ ಹೊರತು ಸಾರದೊಳಗಿನ ಸತ್ವವನ್ನಲ್ಲ. ಒಂದು ಹಿಡಿ ಸೊಪ್ಪನ್ನು ಒಂದು ಲೋಟ ನೀರಿನಲ್ಲಿ ಕುದಿಸಿದರೂ ಕಷಾಯವೇ, ಒಂದು ಹಂಡೆ ನೀರಿನಲ್ಲಿ ಕುದಿಸಿದರೂ ಕಷಾಯವೇ. ಆದ್ದರಿಂದ ನಾನು ಸೀಸೆಯನ್ನು ಹಿಂದಕ್ಕೆ ತಿರುಗಿಸಿ ಪದಾರ್ಥಗಳ ಪಟ್ಟಿಯನ್ನು ಓದುತ್ತೇನೆ. ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ ಎಂಬ ಕ್ರಮದಲ್ಲಿ ಅದು ಇರುತ್ತದೆ, ಶೇಕಡ 1ಕ್ಕಿಂತ ಕಡಿಮೆಯಿರುವ ಪದಾರ್ಥಗಳನ್ನು ಮಾತ್ರ ಯಾವ ಕ್ರಮದಲ್ಲಾದರೂ ಬರೆಯಬಹುದು. ಒಂದೆಲಗದ ಸಾರದ ಜೊತೆಗೆ ಮಡೆಕಸೋಸೈಡ್ ಎಂದೂ ಬಿಡಿಯಾಗಿ ಬರೆದಿದ್ದರೆ ನನಗೆ ಹೆಚ್ಚು ಭರವಸೆ. ಸುಗಂಧ ಎಂದೋ ನಿಂಬೆ, ಕಿತ್ತಳೆ ಜಾತಿಯ ಎಣ್ಣೆಗಳೆಂದೋ ಬರೆದಿದ್ದರೆ ಸೂಕ್ಷ್ಮ ಚರ್ಮದವರಿಗೆ ನಾನು ಅದನ್ನು ಬೇಡವೆನ್ನುತ್ತೇನೆ.

ನಯಾಸಿನಮೈಡ್ ಕೊರಿಯಾದ್ದೇ ಅಲ್ಲ, ಅದು ಬಿ3 ವಿಟಮಿನ್ನಿನ ಒಂದು ರೂಪ. ಆದರೂ ಕೊರಿಯನ್ ಸೀಸೆಗಳಲ್ಲಿ ಅದಿಲ್ಲದ್ದು ಹುಡುಕುವುದೇ ಕಷ್ಟ. ಅಲ್ಲಿನ ಸರ್ಕಾರ ಬಣ್ಣ ತಿಳಿಗೊಳಿಸುವ ‘ಮಿಬೆಕ್’ ಗುಣಕ್ಕೆ ಮಾನ್ಯತೆ ಕೊಟ್ಟ ಪದಾರ್ಥಗಳಲ್ಲಿ ಇದೂ ಒಂದು, ಅದಕ್ಕೆ ಗೊತ್ತುಪಡಿಸಿದ ಪ್ರಮಾಣ ಶೇಕಡ 2ರಿಂದ 5. ಇದು ಚರ್ಮವನ್ನು ಬಿಳಿ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಮೆಲನಿನ್ ತುಂಬಿದ ಪುಟ್ಟ ಪೊಟ್ಟಣಗಳು ಅವು ತಯಾರಾದ ಕೋಶದಿಂದ ಮೇಲಿನ ಕೋಶಗಳಿಗೆ ಸಾಗುವುದನ್ನು ಅದು ತಡೆಯುತ್ತದೆ, ಹಾಗಾಗಿ ಮೊಡವೆ ಬಿಟ್ಟುಹೋದ ಕಲೆಗಳು ಮೆಲ್ಲನೆ ಮಾಸುತ್ತವೆ. ಶೇಕಡ 2ರ ಪ್ರಮಾಣದಲ್ಲಿ ಅದು ಜಿಡ್ಡನ್ನು ತಗ್ಗಿಸುವುದೂ ಕಂಡುಬಂದಿದೆ, ಜೊತೆಗೆ ಚರ್ಮ ತನ್ನ ತೇವವನ್ನು ಹಿಡಿದಿಡುವ ಸೆರಮೈಡ್ ಎಂಬ ಕೊಬ್ಬುಗಳನ್ನು ಹೆಚ್ಚು ತಯಾರಿಸಿಕೊಳ್ಳುವಂತೆ ಮಾಡುತ್ತದೆ. ಎಣ್ಣೆ ಚರ್ಮ, ಮಿಶ್ರ ಚರ್ಮ, ಸುಬುಜಿ ಈ ಮೂರಕ್ಕೂ, ಕಲೆಯ ಚಿಂತೆಯಿರುವ ಎಲ್ಲರಿಗೂ ನಾನು ಇದನ್ನೇ ಮೊದಲು ಹೇಳುತ್ತೇನೆ. ಶೇಕಡ 10ರದ್ದು ಇನ್ನೂ ಒಳ್ಳೆಯದಿರಬೇಕು ಎಂದು ಹೋಗುವವರಲ್ಲಿ ಕೆಲವರಿಗೆ ಮುಖ ಬಿಸಿಯಾಗಿ ಕೆಂಪೇರುತ್ತದೆ. ಅಷ್ಟು ಪ್ರಮಾಣ ಬೇಕಿಲ್ಲ.

ಅಕ್ಕಿಯ ವಿಷಯ ಬಂದಾಗ ಆಯಿ ನಂಬಲಿಲ್ಲ. ನಮ್ಮಲ್ಲಿ ಅಕ್ಕಿ ತೊಳೆದ ಅಕ್ಕಚ್ಚು ಕೊಟ್ಟಿಗೆಯ ಆಕಳಿಗೆ ಸೇರಿದ್ದು. ಕೊರಿಯಾದ ಹೆಂಗಸರು ಅದನ್ನು ‘ಸಲ್‌ತುಮುಲ್’ ಎಂದು ಕರೆದು ಸಾರಿಗೂ ಬಳಸುತ್ತಿದ್ದರು, ಮುಖ ತೊಳೆಯಲೂ ಎತ್ತಿಡುತ್ತಿದ್ದರು. ಅಕ್ಕಿಯ ಸಾರ ಸೌಮ್ಯವಾದದ್ದು, ತುಸು ತೇವ ಕೊಡುತ್ತದೆ, ಮಂಕಾದ ಮುಖಕ್ಕೆ ತಿಳುಪು ತರುತ್ತದೆ. ಸಾಧಾರಣ ಮತ್ತು ಒಣ ಚರ್ಮದವರಿಗೆ ಹಿತ. ಆಳವಾದ ಕಲೆಗಳಿಗೆ ಅದೊಂದನ್ನೇ ನೆಚ್ಚಿಕೊಂಡರೆ ನಿರಾಸೆಯಾಗುತ್ತದೆ.

ಬಸವನಹುಳುವಿನ ಲೋಳೆಯ ಬಗ್ಗೆ ನನ್ನ ಮಾತು ಅರ್ಧ ಮಾತ್ರ ಅನುಭವದ್ದು. ಅದರಲ್ಲಿ ಗ್ಲೈಕೋಪ್ರೋಟೀನ್‌ಗಳು, ಅಲಂಟೋಯಿನ್, ನೀರನ್ನು ಹೀರಿ ಹಿಡಿಯುವ ಹಯಲುರಾನಿಕ್ ಆಮ್ಲ ಇರುತ್ತವೆ, ನೀರಿನ ಕೊರತೆಯಿರುವ ಎಣ್ಣೆ ಚರ್ಮಕ್ಕೆ ಜಿಡ್ಡಿಲ್ಲದೆ ತೇವ ಕೊಡುವುದರಲ್ಲಿ ಅದು ನಿಜಕ್ಕೂ ಸಮರ್ಥ. ಒನ್ನಿಯ ಮಗಳು ಬಳಸುತ್ತಿದ್ದ ಸೀಸೆಯಿಂದ ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು ನೋಡಿದ್ದೇನೆ. ಬೆರಳೆತ್ತಿದರೆ ಲೋಳೆಸರದ ತಿರುಳಿನಂತೆ ಎಳೆ ಎಳೆಯಾಗಿ ಎದ್ದುಬಂದು, ಅರ್ಧ ನಿಮಿಷದಲ್ಲಿ ಚರ್ಮದೊಳಗೆ ಇಂಗಿ, ಅಂಟಿಲ್ಲದ ಒಂದು ನುಣುಪನ್ನು ಬಿಟ್ಟಿತು. ಅಷ್ಟಾದರೂ ಮಳೆಗಾಲದ ತೋಟದಲ್ಲಿ ಹರಿದಾಡುವ ಆ ಜೀವಿಯ ಸ್ರಾವವನ್ನು ದಿನವೂ ಮುಖಕ್ಕೆ ಹಚ್ಚಿಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ನನ್ನಂಥ ಸಸ್ಯಾಹಾರಿಗಳಿಗೆ ಪ್ಯಾಂಥೆನಾಲ್ ಅಥವಾ ಬೀಟಾ ಗ್ಲೂಕನ್ ಇರುವ ಸೀರಮ್ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ. ಮನೆಯ ಧೂಳಿನ ನುಸಿಗೆ ಅಲರ್ಜಿ ಇರುವವರಲ್ಲಿ ಕೆಲವರಿಗೆ ಬಸವನಹುಳುವೂ ಒಗ್ಗುವುದಿಲ್ಲ, ಅಂಥವರು ಮುಖಕ್ಕೆ ಹಚ್ಚುವ ಮೊದಲು ಕೈಯ ಮೇಲೆ ಪರೀಕ್ಷಿಸಬೇಕು.

ನನಗೆ ಹೆಚ್ಚು ಕಾಳಜಿಯಿರುವುದು ‘ಸುಕ್’ ಎಂಬ ಮೂಲಿಕೆಯ ಬಗ್ಗೆ. ಕೊರಿಯಾದ ಮೂಲಪುರಾಣದಲ್ಲಿ ಕರಡಿಯೊಂದು ಗುಹೆಯಲ್ಲಿ ಕುಳಿತು ಸುಕ್ ಮತ್ತು ಬೆಳ್ಳುಳ್ಳಿಯನ್ನಷ್ಟೇ ತಿಂದು ಹೆಣ್ಣಾಗುತ್ತದೆ, ಅವಳ ಮಗನಾದ ದಂಗುನ್ ಮೊದಲ ರಾಜ್ಯವನ್ನು ಕಟ್ಟುತ್ತಾನೆ. ಅಷ್ಟು ಹಳೆಯ ನಂಟು ಅವರದು. ನಮಗೂ ಅದು ಅಪರಿಚಿತವಲ್ಲ, ಸುಕ್ ನಮ್ಮ ಮಾಚಿಪತ್ರೆಯ ಮತ್ತು ದವನದ ಹುಣ್ಣಿಮೆಗೆ ದೇವರಿಗೆ ಏರಿಸುವ ದವನದ ಕುಲದ್ದೇ. ಕೆಂಪಾಗಿ ನವೆಯಾಗುವ ಚರ್ಮಕ್ಕೆ ಅದು ತಂಪು ಎಂದು ಕೊರಿಯಾದಲ್ಲಿ ಬಹಳ ಜನ ಬಳಸುತ್ತಾರೆ. ಆದರೆ ಈ ಕುಲವು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ್ದು, ಪಾರ್ಥೇನಿಯಂ ಕೂಡ ಅದೇ ಕುಟುಂಬದ್ದು. ಹುಬ್ಬಳ್ಳಿ, ಗದಗ, ಹಾವೇರಿಯ ಹೊಲಗಳ ಬದುವಿನಲ್ಲಿ, ಊರ ಹೊರಗಿನ ಖಾಲಿ ನಿವೇಶನಗಳಲ್ಲಿ ಬಿಳಿ ಹೂ ಬಿಟ್ಟು ನಿಂತ ಈ ಕಾಂಗ್ರೆಸ್ ಕಸದಿಂದ ಕಣ್ಣಿನ ರೆಪ್ಪೆ, ಕತ್ತು, ಮೊಣಕೈಯ ಮಡಿಕೆ ದಪ್ಪಗಾಗಿ ಕಪ್ಪಿಟ್ಟು ವರ್ಷಗಟ್ಟಲೆ ನವೆ ಅನುಭವಿಸುತ್ತಿರುವ ರೈತರನ್ನು ನಾನು ಕಂಡಿದ್ದೇನೆ. ಪಾರ್ಥೇನಿಯಂ ಅಲರ್ಜಿ ಇರುವವರಿಗೆ ಅದೇ ಕುಟುಂಬದ ಬೇರೆ ಗಿಡಗಳೂ ಅಲರ್ಜಿ ತರುವ ಸಾಧ್ಯತೆಯಿದೆ. ಸೂಕ್ಷ್ಮ ಚರ್ಮಕ್ಕೆ ಹಿತ ಎಂಬ ಮಾತನ್ನು ಓದಿ ಅಂಥ ಮನೆಯವರು ಸುಕ್‌ನ ಎಸೆನ್ಸ್ ತರಿಸಿದರೆ ಇರುವ ನೋವಿಗೆ ಇನ್ನೊಂದು ಸೇರಬಹುದು. ಸಿಯೋಲ್‌ನಲ್ಲಿ ಸೂಕ್ಷ್ಮ ಚರ್ಮದವರಿಗೆ ಕೊಡುವ ಸಲಹೆಯನ್ನು ಹುಬ್ಬಳ್ಳಿಯಲ್ಲಿ ಹಾಗೆಯೇ ಕೊಡಲಾಗದು. ಜೇನ್ನೊಣಗಳು ಮರದ ಅಂಟಿನಿಂದ ತಯಾರಿಸುವ ಪ್ರೋಪೋಲಿಸ್‌ಗೂ ಇದೇ ಎಚ್ಚರಿಕೆ ಬೇಕು: ಒಣಗಿ ಮಂಕಾದ ಮುಖಕ್ಕೆ ಅದು ಹೊಳಪು ಕೊಡುತ್ತದೆ, ಆದರೆ ಸ್ಪರ್ಶದಿಂದ ಅಲರ್ಜಿ ತರುವ ಪದಾರ್ಥಗಳಲ್ಲಿ ಅದು ವೈದ್ಯರಿಗೆ ಚೆನ್ನಾಗಿ ಪರಿಚಿತ.

ಜಿನ್‌ಸೆಂಗ್ ಬೇರಿನ ಕ್ರೀಮುಗಳು ವಯಸ್ಸಾದ ಒಣ ಚರ್ಮಕ್ಕೆ ಹಿತವಾದರೂ ಬೆಲೆ ಹೆಚ್ಚು. ಅದೇ ದುಡ್ಡಿನಲ್ಲಿ ಸೆರಮೈಡ್ ಇರುವ ದೊಡ್ಡ ಡಬ್ಬಿಗಳು ಎರಡೋ ಮೂರೋ ಬರುತ್ತವೆ. ಚರ್ಮದ ಮೇಲ್ಪದರವನ್ನು ಇಟ್ಟಿಗೆಯ ಗೋಡೆ ಎಂದು ಭಾವಿಸಿದರೆ ಇಟ್ಟಿಗೆಗಳ ನಡುವಿನ ಗಾರೆಯ ಸುಮಾರು ಅರ್ಧ ಭಾಗ ಸೆರಮೈಡ್, ಉಳಿದದ್ದು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ವಯಸ್ಸಾದಂತೆ ಆ ಗಾರೆ ತೆಳುವಾಗುತ್ತದೆ. ಕೊರಿಯಾದಲ್ಲಿ ಇಲಿಯೂನ್, ಎಸ್ತುರಾದಂಥ ಬ್ರ್ಯಾಂಡುಗಳ ಸೆರಮೈಡ್ ಕ್ರೀಮುಗಳನ್ನು ಅಜ್ಜಿಯೂ ಕೂಸೂ ಮೈಗೆಲ್ಲ ಹಚ್ಚಿಕೊಳ್ಳುತ್ತಾರೆ. ನನ್ನ ಸುಟ್ಟ ಕೆನ್ನೆಯನ್ನು ಉಳಿಸಿದ್ದು ಆ ಎಂಟು ತಿಂಗಳೂ ಹಚ್ಚಿದ ಒಂದು ಸೆರಮೈಡ್ ಕ್ರೀಮ್, ಒಂದು ಒಂದೆಲಗದ ಆಂಪುಲ್ ಮತ್ತು ಬೆಳಿಗ್ಗೆ ತಪ್ಪದೆ ಹಚ್ಚಿದ ಸನ್‌ಸ್ಕ್ರೀನ್. ಕೊನೆಯದು ಇಲ್ಲದೆ ಉಳಿದೆರಡು ಸೋಲುತ್ತಿದ್ದವು, ಏಕೆಂದರೆ ಕಲೆ ಮಾಸುವ ವೇಗಕ್ಕಿಂತ ಬಿಸಿಲು ಅದನ್ನು ಮತ್ತೆ ಬರೆಯುವ ವೇಗ ಹೆಚ್ಚು.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದರ ಮೇಲೊಂದು ಪದರ ಹಚ್ಚುವ ಕೊರಿಯನ್ ಕ್ರಮ ಅವರ ಒಣ ಚಳಿಗೆ ಒಪ್ಪುವಂಥದ್ದು. ಮಂಗಳೂರಿನಲ್ಲಿರುವ ನನ್ನ ನಾದಿನಿ ಅದನ್ನೇ ಅನುಸರಿಸಿ ಏಳು ಪದರ ಹಚ್ಚಿದಾಗ ಅವಳ ಹಣೆಯ ತುಂಬ ರಾಗಿಕಾಳಿನಂಥ ಒಂದೇ ಗಾತ್ರದ, ನವೆಯಾಗುವ ಗುಳ್ಳೆಗಳೆದ್ದವು. ವೈದ್ಯರು ಅದು ಮೊಡವೆಯಲ್ಲ, ಬೆವರು ಮತ್ತು ಎಣ್ಣೆಯಲ್ಲಿ ಬೆಳೆಯುವ ಮಲಸೇಜಿಯಾ ಶಿಲೀಂಧ್ರದ ಗುಳ್ಳೆ ಎಂದು ಗುರುತಿಸಿ ಬೇರೆಯೇ ಔಷಧಿ ಕೊಟ್ಟರು. ಈಗ ಅವಳದು ನಯಾಸಿನಮೈಡ್ ಇರುವ ಒಂದು ನೀರಾದ ಸೀರಮ್ ಮತ್ತು ಹಗುರ ಸನ್‌ಸ್ಕ್ರೀನ್, ಎರಡೇ. ಬೀದರ, ಕಲಬುರ್ಗಿಯ ಒಣ ಹವೆಯಲ್ಲಿರುವವರು ಹಯಲುರಾನಿಕ್ ಆಮ್ಲವೊಂದನ್ನೇ ಹಚ್ಚಿ ಬಿಟ್ಟರೆ ಬಿಗಿತ ಹೆಚ್ಚಾಯಿತು ಎನ್ನುತ್ತಾರೆ. ಅದನ್ನು ಒದ್ದೆ ಮುಖಕ್ಕೆ ಹಚ್ಚಿ ಮೇಲೆ ಕ್ರೀಮಿನ ಮುಚ್ಚಳ ಹಾಕಬೇಕು.

ಅಕ್ಕನ ಮಗನಿಗೆ ಹದಿನೇಳು ವರ್ಷ. ಮುಖದ ತುಂಬ ಮೊಡವೆ, ಮೂಗಿನಿಂದ ಜಿಡ್ಡು, ಅವನ ಮೊಬೈಲಿನಲ್ಲಿ ಹನ್ನೊಂದು ಸೀಸೆಗಳ ಪಟ್ಟಿ. ನಾನು ಮೂರನ್ನು ಉಳಿಸಿದೆ: ಸೌಮ್ಯ ಫೇಸ್‌ವಾಶ್, ವಾರಕ್ಕೆ ಎರಡು ರಾತ್ರಿ ಮಾತ್ರ ಬಿಎಚ್‌ಎ (ರಂಧ್ರಗಳ ಜಿಡ್ಡನ್ನು ತೆಗೆಯುವ ಸ್ಯಾಲಿಸಿಲಿಕ್ ಆಮ್ಲ), ಉಳಿದ ರಾತ್ರಿ ನಯಾಸಿನಮೈಡ್ ಮತ್ತು ಒಂದೆಲಗ ಸೇರಿದ ಒಂದು ಸೀರಮ್. ಎರಡು ತಿಂಗಳಲ್ಲಿ ತಗ್ಗದಿದ್ದರೆ ಅಥವಾ ಮೊಡವೆ ಗಂಟುಗಟ್ಟಿ ನೋಯತೊಡಗಿದರೆ ಚರ್ಮದ ವೈದ್ಯರಲ್ಲಿಗೆ ಹೋಗಬೇಕೆಂದು ಅಕ್ಕನಿಗೂ ಹೇಳಿದೆ. ಯಾವುದೇ ಹೊಸದನ್ನು ತಂದರೂ ಮೊದಲ ಒಂದು ವಾರ ಮೊಣಕೈಯ ಒಳಮಡಿಕೆಗೆ ಮಾತ್ರ ಹಚ್ಚಬೇಕು, ಎರಡು ಹೊಸ ಸೀಸೆಗಳನ್ನು ಒಟ್ಟಿಗೆ ತೆರೆಯಬಾರದು ಎಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.

ಆಯಿಗೆ ಸೆರಮೈಡ್ ಕ್ರೀಮಿನ ಡಬ್ಬಿಯೊಂದನ್ನು ಕೊಟ್ಟು ಬಂದಿದ್ದೆ. ಮೊನ್ನೆ ಊರಿಗೆ ಹೋದಾಗ ನೋಡಿದರೆ ಅವಳು ಸಂಜೆ ದೀಪ ಹಚ್ಚಿ, ಕೈಕಾಲು ತೊಳೆದುಕೊಂಡು ಬಂದು, ಬಿರಿದ ಕಣಕಾಲಿಗೂ ಮೊಣಕೈಗೂ ಅದನ್ನು ನಿಧಾನವಾಗಿ ತಿಕ್ಕಿಕೊಳ್ಳುತ್ತಿದ್ದಳು. ಮುಖಕ್ಕೆ ಹಚ್ಚಿದ್ದೀಯಾ ಎಂದು ಕೇಳಿದೆ. ಮುಖ ಒಣಗಿಲ್ಲ, ಒಣಗಿದ್ದು ಕಾಲು ಎಂದಳು. ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಹೋಗಿ ಒಂದು ಬುಟ್ಟಿ ಒಂದೆಲಗ ಕೊಯ್ದುತಂದು, ಬೇರಿನ ಮಣ್ಣು ತೊಳೆದು, ಮಧ್ಯಾಹ್ನಕ್ಕೆ ತಂಬುಳಿ ಮಾಡಿದೆವು.